ನೆತ್ತಿಯ ಚೌಕದಿಂದ ಆಂಡ್ರೊಮಿಡಾದವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಆಕಾಶ ನೋಡುವ ಹುಚ್ಚು ಇರುವವನು ಮಲೆನಾಡಿನಲ್ಲಿ ಹುಟ್ಟಬಾರದು ಎಂದು ಗೆಳೆಯರು ನನ್ನನ್ನು ಕೆಣಕುವುದುಂಟು. ಮಾತಿನಲ್ಲಿ ಸುಳ್ಳೇನಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ನಮಗೂ ಆರಿದ್ರೆಯಿಂದ ಹಿಡಿದು ಹಸ್ತದವರೆಗೆ ನಕ್ಷತ್ರಗಳೆಲ್ಲ ಮಳೆಯ ಹೆಸರಾಗಿ ಬಂದು ಹೋಗುತ್ತವೆಯೇ ಹೊರತು ಕಣ್ಣಿಗೆ ಬೀಳುವುದಿಲ್ಲ. ಮಳೆ ಬಿಟ್ಟ ಮೇಲಾದರೂ ಪಾರೇ ಎಂದರೆ ಅದೂ ಇಲ್ಲ. ಮುಂದೆ ಅಡಿಕೆ ತೋಟ, ಹಿಂದೆ ಕಾನು, ಸುತ್ತ ಗುಡ್ಡ. ಬಯಲುಸೀಮೆಯವರು ದಿಗಂತದಿಂದ ದಿಗಂತಕ್ಕೆ ಆಕಾಶ ನೋಡಿದರೆ, ನಮಗೆ ಅಂಗಳದ ಮೇಲೆ ಒಂದು ತುಂಡು ಸಿಕ್ಕರೆ ಅದೇ ಪುಣ್ಯ.

ಆದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಆ ಒಂದು ತುಂಡೇ ಸಾಕು. ಯಾವ ಉಪಕರಣವೂ ಇಲ್ಲದೆ, ಬರಿಗಣ್ಣಿನಿಂದ, 25 ಲಕ್ಷ ಜ್ಯೋತಿರ್ವರ್ಷ ದೂರದ, ಅಂದರೆ ಬೆಳಕೇ ನಮ್ಮನ್ನು ತಲುಪಲು 25 ಲಕ್ಷ ವರ್ಷ ಹಿಡಿಯುವಷ್ಟು ದೂರದ, ಇನ್ನೊಂದು ನಕ್ಷತ್ರಲೋಕವನ್ನು ಅಲ್ಲಿ ನೋಡಬಹುದು. ಅದರ ಹೆಸರು ಆಂಡ್ರೊಮಿಡಾ ಗ್ಯಾಲಕ್ಸಿ. ಅದು ಇರುವ ನಕ್ಷತ್ರಪುಂಜವನ್ನು ಕನ್ನಡದ ಖಗೋಳ ಬರಹಗಳಲ್ಲಿ ದ್ರೌಪದಿ ಎಂದು ಕರೆಯುವುದೂ ಉಂಟು. ಕುಂತಿ, ಪಾರ್ಥ, ಯುಧಿಷ್ಠಿರರೂ ಅಕ್ಕಪಕ್ಕದಲ್ಲೇ ಇದ್ದಾರೆ.

ಮೊದಲು ರಾತ್ರಿಯನ್ನು ಆರಿಸಿಕೊಳ್ಳೋಣ. ಭೂಮಿ ಹುಣ್ಣಿಮೆಯ ರಾತ್ರಿ ಗದ್ದೆ ಬಯಲು ಎಷ್ಟು ಚೆಂದ ಕಂಡರೂ ನಮ್ಮ ಕೆಲಸಕ್ಕೆ ಬಾರದು. ತಿಂಗಳ ಬೆಳಕಿನಲ್ಲಿ ಗ್ಯಾಲಕ್ಸಿ ಮುಳುಗಿ ಹೋಗುತ್ತದೆ. ಅಲ್ಲಿಂದ ಹದಿನೈದು ದಿನ ಕಾಯಬೇಕು. ದೀಪಾವಳಿಯ ಅಮಾವಾಸ್ಯೆ ಬರುವ ಹೊತ್ತಿಗೆ ಚಂದ್ರ ಇಲ್ಲ, ಮಳೆ ತೊಳೆದ ಗಾಳಿಯಲ್ಲಿ ಧೂಳಿಲ್ಲ, ರಾತ್ರಿ ಒಂಬತ್ತರ ಸುಮಾರಿಗೆ ಆಂಡ್ರೊಮಿಡಾ ಈಶಾನ್ಯದಲ್ಲಿ ಎತ್ತರಕ್ಕೆ ಏರಿರುತ್ತದೆ. ಪಟಾಕಿಯ ಹೊಗೆ ಒಂದೇ ತಕರಾರು. ಹಬ್ಬದ ಗದ್ದಲ ಮುಗಿದ ಮೇಲಿನ ನಾಲ್ಕಾರು ದಿನಗಳೂ ಅಷ್ಟೇ ಒಳ್ಳೆಯವು. ಎಳೆಯ ಚಂದ್ರ ಬೇಗ ಮುಳುಗುತ್ತಾನೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಹುಟ್ಟುವುದರಿಂದ ತಿಂಗಳಿಗೆ ಎರಡು ಗಂಟೆಯ ವ್ಯತ್ಯಾಸವಾಗುತ್ತದೆ. ಹಾಗಾಗಿ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆ ನಡೆಯುವ ಕಾಲಕ್ಕೆ ಕತ್ತಲಾಗುತ್ತಿದ್ದಂತೆಯೇ ಅದು ಮೇಲೆ ಇರುತ್ತದೆ, ಊಟದ ಹೊತ್ತಿಗೆ ಪಶ್ಚಿಮಕ್ಕೆ ವಾಲುತ್ತದೆ.

ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕುಂದಾದ್ರಿ, ಕೊಡಚಾದ್ರಿ ಎಂದು ಕನಸು ಕಾಣುವುದು ಬೇಡ. ರಾತ್ರಿ ಕಾಡಿನ ದಾರಿಗೆ ಅನುಮತಿಯ ತಾಪತ್ರಯವಿದೆ. ಅಡಿಕೆ ಒಣಗಿಸುವ ಅಂಗಳ ಸಾಕು, ಮನೆಯ ಮೇಲಿನ ಬ್ಯಾಣ, ಅಂದರೆ ಹುಲ್ಲಿನ ಬಯಲಾದರೆ, ಇನ್ನೂ ಒಳ್ಳೆಯದು. ಆದರೆ ಅಂಗಳದ ದೀಪ ಆರಲೇಬೇಕು. ಇತ್ತೀಚೆಗೆ ಒಂದೊಂದು ಮನೆಯ ಮುಂದೆಯೂ ಕ್ರೀಡಾಂಗಣಕ್ಕೆ ಹಾಕುವಂಥ ಬಿಳಿ ದೀಪ ಉರಿಯುತ್ತದೆ. ಯಾರು ಯಾವ ಆಟ ಆಡುತ್ತಾರೋ ನನಗಂತೂ ತಿಳಿದಿಲ್ಲ. ಶಿವಮೊಗ್ಗ ಪೇಟೆಯವರು ಹತ್ತಿಪ್ಪತ್ತು ಕಿಲೋಮೀಟರ್ ಹೊರಗೆ ಬರಬೇಕಾದೀತು.

ದೀಪ ಆರಿದ ಮೇಲೆ ಅರ್ಧ ಗಂಟೆ ಸುಮ್ಮನಿರಬೇಕು. ಕಣ್ಣಿನ ಪಾಪೆ ಕ್ಷಣದಲ್ಲಿ ಹಿಗ್ಗುತ್ತದೆ, ನಿಜ. ಆದರೆ ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ನಡುವೆ ಯಾರದಾದರೂ ಮೊಬೈಲ್ ಬೆಳಗಿತೋ, ಲೆಕ್ಕ ಮತ್ತೆ ಮೊದಲಿನಿಂದ. ಬ್ಯಾಟರಿ ಬೇಕು, ಬೇಡವೆನ್ನಲಾರೆ. ನಕ್ಷತ್ರಕ್ಕಿಂತ ಕೊಳಕುಮಂಡಲದ ಹಾವು ನಮಗೆ ಹತ್ತಿರ. ಬ್ಯಾಟರಿಯ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿದರೆ ಕಾಲ ಬುಡವೂ ಕಾಣುತ್ತದೆ, ಕಣ್ಣೂ ಕೆಡುವುದಿಲ್ಲ.

ಈಗ ಚಾಪೆ ಹಾಸಿ ಅಂಗಾತ ಮಲಗಿ. ತಲೆ ದಕ್ಷಿಣಕ್ಕಿರಲಿ, ಕಾಲು ಉತ್ತರಕ್ಕೆ. ಮನೆಯ ಹಿರಿಯರ ಆಕ್ಷೇಪವೂ ಇರುವುದಿಲ್ಲ. ಬಲಗೈ ಪೂರ್ವಕ್ಕಾಯಿತು. ನಾನು ಬಾನುಲಿಯಲ್ಲಿ ಬೆರಳು ಮಾಡಿ ತೋರಿಸಲಾರೆ, ಆದ್ದರಿಂದ ನಿಮ್ಮ ಕೈಯನ್ನೇ ಅಳತೆಗೋಲು ಮಾಡಿಕೊಳ್ಳೋಣ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ 1 ಡಿಗ್ರಿ.

ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕವೊಂದಿದೆ. ಒಂದೊಂದು ಬದಿಯೂ ಒಂದೂವರೆ ಮುಷ್ಟಿ. ಪಂಚಾಂಗ ನೋಡುವವರಿಗೆ ಇದು ಪರಿಚಿತ ಜಾಗ: ಪಶ್ಚಿಮದ ಬದಿಯ ಎರಡು ತಾರೆಗಳು ಪೂರ್ವಾಭಾದ್ರಾ, ಪೂರ್ವದ ಬದಿಯ ಎರಡು ಉತ್ತರಾಭಾದ್ರಾ. ಚೌಕದ ಒಳಗೆ ಪುಟ್ಟ ತಾರೆಗಳು ಒಂದೂ ಕಾಣದಿದ್ದರೆ ನಿಮ್ಮ ಆಕಾಶ ಇನ್ನೂ ಸಾಕಷ್ಟು ಕಪ್ಪಾಗಿಲ್ಲ ಎಂದರ್ಥ.

ಚೌಕದ ಈಶಾನ್ಯ ಮೂಲೆಯ ತಾರೆಯನ್ನು ಹಿಡಿಯಿರಿ. ಅದು ಆಲ್ಫೆರಾಟ್ಸ್. ಅಲ್ಲಿಂದ ನಮಗೆ ಬೆಳಕು ಬರಲು ಸುಮಾರು 100 ವರ್ಷ ಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಇನ್ನೂ ಹೊಸತಾಗಿದ್ದ 1920ರ ದಶಕದಲ್ಲಿ ಹೊರಟ ಬೆಳಕು ಈಗ ನಿಮ್ಮ ಅಂಗಳಕ್ಕೆ ಇಳಿಯುತ್ತಿದೆ. ಅಲ್ಲಿಂದ ಈಶಾನ್ಯಕ್ಕೆ ಒಂದೂವರೆ ಮುಷ್ಟಿ ಸಾಗಿ. ನಡುವೆ ಸಿಗುವ ಮಂಕು ತಾರೆಯನ್ನು ದಾಟಿದರೆ ಕೆಂಪು ಛಾಯೆಯ ಮಿರಾಕ್. ಅದರ ದೂರ ಸುಮಾರು 200 ಜ್ಯೋತಿರ್ವರ್ಷ. ಆ ಬೆಳಕು ಹೊರಟದ್ದು 1830ರಲ್ಲಿ ಬಿದನೂರು ನಗರ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದ ಕಾಲದ ಆಸುಪಾಸಿನಲ್ಲಿ.

ಮಿರಾಕ್‌ನಿಂದ ಎಡಕ್ಕೆ, ಉತ್ತರದಲ್ಲಿ ಕುಂತಿಯ ವಕ್ರ ಸಾಲು ಇರುವ ಕಡೆಗೆ ತಿರುಗಬೇಕು. ಅರ್ಧ ಮುಷ್ಟಿಗೂ ಕಡಿಮೆ ಸರಿದರೆ ಒಂದು ಸಾಧಾರಣ ತಾರೆ. ಮತ್ತೆ ಅಷ್ಟೇ ಸರಿದರೆ ಅದಕ್ಕಿಂತ ಮಂಕಾದ ಇನ್ನೊಂದು. ಈ ಎರಡನೆಯದು ನ್ಯೂ ಆಂಡ್ರೊಮಿಡೆ, ಸುಮಾರು 600 ಜ್ಯೋತಿರ್ವರ್ಷ ದೂರ. ಅದರ ಬೆಳಕು ಹೊರಟಾಗ ಹಂಪಿಯಲ್ಲಿ ವಿಜಯನಗರದ ಅರಸರಿದ್ದರು, ಕೆಳದಿಯ ಸಂಸ್ಥಾನ ಇನ್ನೂ ಹುಟ್ಟಿರಲಿಲ್ಲ.

ಅದರ ಪಕ್ಕದಲ್ಲಿ, ಕಿರುಬೆರಳಿಗಿಂತ ಕೊಂಚ ಹೆಚ್ಚಿನ ಅಂತರದಲ್ಲಿ, ಕನ್ನಡಕದ ಗಾಜಿಗೆ ಉಸಿರು ತಾಗಿದ ಹಾಗೆ ಒಂದು ಮಸುಕು ಇದೆ. ಅಂಚು ಎಲ್ಲಿ ಮುಗಿಯಿತು ಎಂದು ಹೇಳಲಾಗದು. ಅದೇ. ನ್ಯೂ ತಾರೆಯಿಂದ ಕಣ್ಣು ಒಂದು ಬೆರಳಿನಷ್ಟು ಜರುಗಿತು, ಬೆಳಕಿನ ವಯಸ್ಸು ವಿಜಯನಗರದಿಂದ 25 ಲಕ್ಷ ವರ್ಷ ಹಿಂದಕ್ಕೆ ಹಾರಿತು. ಆಗ ಭೂಮಿಯ ಮೇಲೆ ಈಗಿನ ಮನುಷ್ಯ ಇರಲಿಲ್ಲ. ಆಫ್ರಿಕಾದಲ್ಲಿ ನಮ್ಮ ಪೂರ್ವಜರ ಬಳಗದವರು ಕಲ್ಲಿಗೆ ಕಲ್ಲು ಬಡಿದು ಚೂಪಾದ ಚಕ್ಕೆ ಎಬ್ಬಿಸುತ್ತಿದ್ದರು. ಇನ್ನೂ ಒಂದು ವಿಚಿತ್ರವಿದೆ. ಗ್ಯಾಲಕ್ಸಿ ನಮಗೆ ಓರೆಯಾಗಿ ನಿಂತಿದೆ, ಅದರ ಅಗಲವೇ ಲಕ್ಷಕ್ಕೂ ಹೆಚ್ಚು ಜ್ಯೋತಿರ್ವರ್ಷ. ಹಾಗಾಗಿ ಆಚೆ ಅಂಚಿನ ಬೆಳಕು ಈಚೆ ಅಂಚಿನ ಬೆಳಕಿಗಿಂತ ಸುಮಾರು ಒಂದು ಲಕ್ಷ ವರ್ಷ ಹಳೆಯದು. ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಹೆದರಬೇಡಿ. ಕಣ್ಣಿನ ನಟ್ಟನಡುವೆ ಮಂದ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ, ಅವು ಸುತ್ತಲೂ ಇವೆ. ದೃಷ್ಟಿಯನ್ನು ಪಕ್ಕದ ತಾರೆಯ ಮೇಲಿಟ್ಟು ಮನಸ್ಸನ್ನು ಮಾತ್ರ ಮಸುಕಿನ ಮೇಲಿಡಬೇಕು. ಚಿತ್ರಗಳಲ್ಲಿ ಕಾಣುವ ನೀಲಿ, ಗುಲಾಬಿ, ಸುರುಳಿ ತೋಳು ಏನೂ ಸಿಗುವುದಿಲ್ಲ. ಅವೆಲ್ಲ ಗಂಟೆಗಟ್ಟಲೆ ಬೆಳಕು ಕೂಡಿಹಾಕಿದ ಕ್ಯಾಮೆರಾದ ಸಂಪಾದನೆ. ಬರಿಗಣ್ಣಿಗೆ ಸಿಗುವುದು ನಡುಭಾಗದ ಹೊಳಪು ಮಾತ್ರ. ಪೂರ್ತಿ ಗ್ಯಾಲಕ್ಸಿಯ ಉದ್ದ ಆಕಾಶದಲ್ಲಿ ಆರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟಿದೆ.

ಇಷ್ಟು ಮಂಕಾದದ್ದನ್ನು ಹಿಂದಿನವರು ಗಮನಿಸಿದ್ದರೇ? ಗಮನಿಸಿದ್ದರು. ಪರ್ಷಿಯಾದ ಅಲ್-ಸೂಫಿ 964ರಲ್ಲೇ ಇದನ್ನು ಪುಟ್ಟ ಮೋಡವೆಂದು ಬರೆದಿಟ್ಟ. 1612ರಲ್ಲಿ ಜರ್ಮನಿಯ ಸೈಮನ್ ಮಾರಿಯಸ್ ದೂರದರ್ಶಕದಿಂದ ನೋಡಿ, ಕೊಂಬಿನ ತೆಳು ಪರದೆಯ ಹಿಂದೆ ಉರಿಯುವ ಮೇಣದ ಬತ್ತಿಯ ಹಾಗಿದೆ ಎಂದ. ಅದೇನೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. 1920ರಲ್ಲಿ ಕೂಡ ಖಗೋಳ ವಿಜ್ಞಾನಿಗಳು, ಇದು ನಮ್ಮ ಆಕಾಶಗಂಗೆಯ ಒಳಗಿನ ಅನಿಲದ ಮೋಡವೋ ಹೊರಗಿನ ಬೇರೆಯೇ ಲೋಕವೋ ಎಂದು ವಾದ ಮಾಡುತ್ತಿದ್ದರು.

ವಾದ ತೀರಿದ್ದು ಒಂದು ಗಾಜಿನ ಫಲಕದ ಮೇಲೆ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕದಲ್ಲಿ ಆಂಡ್ರೊಮಿಡಾದ ಚಿತ್ರ ತೆಗೆದ. ಹೊಸದಾಗಿ ಹೊತ್ತಿಕೊಂಡ ತಾರೆಗಳೆಂದುಕೊಂಡು ಮೂರು ಚುಕ್ಕೆಗಳ ಬಳಿ ಶಾಯಿಯಲ್ಲಿ ಗುರುತು ಹಾಕಿದ. ಹಳೆಯ ಫಲಕಗಳೊಡನೆ ಹೋಲಿಸಿದಾಗ ಅವುಗಳಲ್ಲೊಂದು ಹೊಳಪು ಏರಿಸುತ್ತ ಇಳಿಸುತ್ತ ಇತ್ತು. ಗುರುತನ್ನು ಹೊಡೆದುಹಾಕಿ ಚರತಾರೆ ಎಂದು ಬರೆದು ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದ. ಇಂಥ ತಾರೆಗಳ ಏರಿಳಿತದ ಅವಧಿ ಗೊತ್ತಾದರೆ ಅವುಗಳ ನಿಜವಾದ ಪ್ರಕಾಶ ಗೊತ್ತಾಗುತ್ತದೆ ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲೇ ತೋರಿಸಿದ್ದಳು. ಹಬಲ್‌ನ ತಾರೆಯ ಅವಧಿ ಸುಮಾರು 31 ದಿನ. ಲೆಕ್ಕ ಹಾಕಿದರೆ ದೂರ ಆಕಾಶಗಂಗೆಯ ಎಲ್ಲೆಯನ್ನೇ ಮೀರಿತು. ಆತನಿಗೆ ಸಿಕ್ಕ ಅಂಕಿ ಇಂದಿನದಕ್ಕಿಂತ ಬಹಳ ಕಡಿಮೆ. ಚರತಾರೆಗಳಲ್ಲೇ ಎರಡು ಬಗೆ ಇವೆ ಎಂಬುದು ಆಮೇಲೆ ತಿಳಿಯಿತು. ಲೆವಿಟ್ ಮಾತ್ರ 1921ರಲ್ಲೇ ತೀರಿಕೊಂಡಿದ್ದಳು. ಈ ಕತೆಯಲ್ಲಿ ಹಬಲ್‌ಗೆ ಸಿಕ್ಕ ಹೆಸರಿನ ಅರ್ಧವಾದರೂ ಅವಳಿಗೆ ಸಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈ ಗ್ಯಾಲಕ್ಸಿ ಬಂದು ನಮಗೆ ಡಿಕ್ಕಿ ಹೊಡೆಯುತ್ತದಂತೆ, ಹೌದೇ ಎಂದು ಶಾಲಾ ಮಕ್ಕಳು ತಪ್ಪದೆ ಕೇಳುತ್ತಾರೆ. ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಅದು ಹತ್ತಿರವಾಗುತ್ತಿರುವುದು ನಿಜ. ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಎರಡೂ ಕೂಡಿಕೊಳ್ಳುವ ಸಾಧ್ಯತೆ ಅರ್ಧಕ್ಕರ್ಧ ಎಂದು 2025ರ ಲೆಕ್ಕಾಚಾರವೊಂದು ಹೇಳುತ್ತದೆ. ಅಡಿಕೆ ಧಾರಣೆಯ ಚಿಂತೆ ಮೊದಲು ಮಾಡಬಹುದು.

ಕಣ್ಣಿಗೆ ದಾರಿ ರೂಢಿಯಾದ ಮೇಲೆ ಕೈಗೆ ಒಂದು ಬೈನಾಕ್ಯುಲರ್ ಬರಲಿ. ಮೊದಲ ದಿನವೇ ದೂರದರ್ಶಕ ಕೊಳ್ಳಬೇಡಿ. ಅದು ತೋರಿಸುವ ಆಕಾಶ ಬಹಳ ಕಿರಿದು, ದಾರಿ ತಿಳಿಯದವನು ಅದರಲ್ಲಿ ಕಳೆದುಹೋಗುತ್ತಾನೆ. ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಸಾಕು. ಮೊಣಕೈಯನ್ನು ಜಗಲಿಯ ಕಟ್ಟೆಗೆ ಊರಿ ನೋಡಿದರೆ ಮಸುಕು ಉದ್ದನೆಯ ಅಂಡಾಕಾರಕ್ಕೆ ತಿರುಗುತ್ತದೆ. ಕತ್ತಲು ಚೆನ್ನಾಗಿದ್ದರೆ ಒಂದು ಪಕ್ಕದಲ್ಲಿ ಎಂ 32 ಎಂಬ ಪುಟ್ಟ ಜೊತೆ ಗ್ಯಾಲಕ್ಸಿಯೂ ಚುಕ್ಕೆಯಾಗಿ ಸಿಗುತ್ತದೆ. ನಮ್ಮ ಕಡೆ ಇದಕ್ಕೆಲ್ಲ ಶತ್ರು ಇಬ್ಬನಿ. ಮಸೂರ ಮಂಜಾಯಿತೆಂದು ಪಂಚೆಯ ತುದಿಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ ಮಸೂರದ ಮುಂದಕ್ಕೆ ಚಾಚಿ ಕಟ್ಟಿದರೆ ತಕ್ಕಮಟ್ಟಿಗೆ ತಡೆಯುತ್ತದೆ.

ಆಂಡ್ರೊಮಿಡಾ ಸಿಕ್ಕವರು ಮಿರಾಕ್‌ಗೆ ಹಿಂದಿರುಗಿ, ಎದುರು ದಿಕ್ಕಿನಲ್ಲಿ ಅಷ್ಟೇ ದೂರ ಹೋಗಿ ನೋಡಿ. ಅಲ್ಲಿ ಎಂ 33 ಎಂಬ ಇನ್ನೊಂದು ಗ್ಯಾಲಕ್ಸಿ ಇದೆ, ಬಲು ಮಂಕು, ಬೈನಾಕ್ಯುಲರ್ ಇದ್ದರೂ ಸತಾಯಿಸುತ್ತದೆ. ಅದು ಕಂಡಿತೆಂದರೆ ನಿಮ್ಮ ಅಂಗಳದ ಕತ್ತಲಿಗೆ ನೂರಕ್ಕೆ ನೂರು ಅಂಕ.

ಇನ್ನು ದಕ್ಷಿಣದ ಆಕಾಶದಲ್ಲಿ, ಏಪ್ರಿಲ್ ನಡುರಾತ್ರಿಗೆ ಕಿನ್ನರ ಪುಂಜದ ಸೆಂಟಾರಸ್-ಎ ಎಂಬ ಗ್ಯಾಲಕ್ಸಿ ದಿಗಂತದಿಂದ ಮೂರು ಮುಷ್ಟಿಗೂ ಮಿಕ್ಕಿ ಮೇಲೇರುತ್ತದೆ. ದೂರ ಒಂದು ಕೋಟಿ ಜ್ಯೋತಿರ್ವರ್ಷಕ್ಕಿಂತ ಹೆಚ್ಚು. ಲಂಡನ್ನಿನವರಿಗೆ ಅದು ಯಾವತ್ತೂ ಹುಟ್ಟುವುದೇ ಇಲ್ಲ, ನಮಗೆ ಹುಟ್ಟುತ್ತದೆ. ತೆಂಕಣ ದಿಕ್ಕಿಗೆ ಗುಡ್ಡ ಅಡ್ಡವಿಲ್ಲದ ಗದ್ದೆ ಬಯಲೊಂದನ್ನು ಈಗಲೇ ನೋಡಿಟ್ಟುಕೊಳ್ಳಿ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾದರೆ ಮತ್ತೆ ಒಂದು ವರ್ಷ ಕಾಯಬೇಕು.

ನಮಸ್ಕಾರ.