ಎನ್‌ಎಮ್‌ಎನ್ ಜೊತೆ ಟಿಎಂಜಿ: ಮೊದಲು ಬಿ12 ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ.

ವಯಸ್ಸಾಗುವುದನ್ನು ನಿಧಾನಗೊಳಿಸುತ್ತವೆ ಅನ್ನುವ ಮಾತ್ರೆಗಳು ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತವೆ. ಅದರಲ್ಲಿ ಜಾಸ್ತಿ ಹೆಸರು ಮಾಡಿರುವುದು ಎನ್‌ಎಮ್‌ಎನ್ ಮತ್ತು ಎನ್‌ಆರ್. ಇವನ್ನು ತೆಗೆದುಕೊಳ್ಳುವ ಬಹಳ ಜನ ಜೊತೆಗೆ ಟಿಎಂಜಿ ಅನ್ನುವ ಪುಡಿಯನ್ನೂ ತೆಗೆದುಕೊಳ್ಳುತ್ತಾರೆ. ಯಾಕೆ ಅಂತ ಕೇಳಿದರೆ, "ಮೈಯಲ್ಲಿ ಮೀಥೈಲ್ ಖಾಲಿಯಾಗಬಾರದಲ್ವಾ, ಅದಕ್ಕೆ" ಅನ್ನುತ್ತಾರೆ. ಮೀಥೈಲ್ ಅಂದರೆ ದೇಹ ಒಂದು ಅಣುವಿನಿಂದ ಇನ್ನೊಂದಕ್ಕೆ ಅಂಟಿಸುವ ಪುಟ್ಟ ತುಣುಕು. ಈ ಮಾತಿನಲ್ಲಿ ಹುರುಳಿದೆ. ಆದರೆ ನಮ್ಮ ಊಟ ಮಾಡುವವರು ಮೊದಲು ನೋಡಬೇಕಾದದ್ದು ಬಿ12 ರಿಪೋರ್ಟು. ಟಿಎಂಜಿ ಡಬ್ಬಿ ಆಮೇಲೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಎನ್‌ಎಮ್‌ಎನ್, ಎನ್‌ಆರ್ ಎರಡೂ ಬಿ3 ವಿಟಮಿನ್ನಿನ ಬಳಗಕ್ಕೆ ಸೇರಿದವು. ಬಿ3 ಕಡಿಮೆಯಾದರೆ ಪೆಲಾಗ್ರಾ ಬರುತ್ತದೆ. ಚರ್ಮ ಸುಲಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ. 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹೆಮ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಕೊರತೆ ಇರುವುದು ಬಿ3ಯ ಒಂದು ರೂಪವಾದ ನಿಕೋಟಿನಿಕ್ ಆಮ್ಲದ್ದು (ನಯಾಸಿನ್) ಅಂತ ತೋರಿಸಿಕೊಟ್ಟರು. ನಮ್ಮ ಪಕ್ಕದ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ತಂಡ, ದಖ್ಖನ್ ಭಾಗದಲ್ಲಿ ಜೋಳವೇ ಮುಖ್ಯ ಆಹಾರವಾಗಿದ್ದ ಬಡವರಲ್ಲಿ ಇದೇ ಕಾಯಿಲೆಯನ್ನು ಗುರುತಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹಾಗಾಗಿ ಬಿ3 ನಮಗೆ ಹೊಸದಲ್ಲ. ಎನ್‌ಆರ್ ಕೂಡ ಅದೇ ಕೆಲಸಕ್ಕೆ ಬರುತ್ತದೆ ಅಂತ ಚಾರ್ಲ್ಸ್ ಬ್ರೆನ್ನರ್ ತಂಡ 2004ರಲ್ಲಿ ತೋರಿಸಿದ ಮೇಲೆ ಈ ಹಳೆಯ ವಿಟಮಿನ್ನಿಗೆ ಹೊಸ ಮಾರುಕಟ್ಟೆ ತೆರೆಯಿತು.

ಇವೆಲ್ಲ ಮೈಯೊಳಗೆ ಹೋಗಿ ಎನ್‌ಎಡಿ ಅನ್ನುವ ಅಣು ಆಗುತ್ತವೆ. ಊಟವನ್ನು ಶಕ್ತಿಯಾಗಿ ಮಾಡಲು, ಡಿಎನ್‌ಎ ರಿಪೇರಿ ಮಾಡಲು ಅದು ಬೇಕೇ ಬೇಕು. ವಯಸ್ಸಾದಂತೆ ಕೆಲವು ಅಂಗಾಂಶಗಳಲ್ಲಿ ಅದು ಕಡಿಮೆಯಾಗುತ್ತದೆ. ಹೊರಗಿನಿಂದ ತುಂಬಿಸಿದರೆ ಆಯಸ್ಸು ಹೆಚ್ಚುತ್ತದೆ ಅಂತ ಮನುಷ್ಯರಲ್ಲಿ ಇನ್ನೂ ಯಾರೂ ಸಾಬೀತು ಮಾಡಿಲ್ಲ. 2021ರಲ್ಲಿ ಬಂದ ಒಂದು ಪ್ರಯೋಗದಲ್ಲಿ, ಮುಟ್ಟು ನಿಂತ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮಹಿಳೆಯರಿಗೆ ದಿನಕ್ಕೆ 250 ಮಿಲಿಗ್ರಾಂ ಎನ್‌ಎಮ್‌ಎನ್ ಕೊಟ್ಟರು. 10 ವಾರ ಆದಮೇಲೆ ಅವರ ಸ್ನಾಯುಗಳು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸಿದವು. ಒಳ್ಳೆಯ ಸುದ್ದಿಯೇ, ಆದರೆ ತೀರಾ ಚಿಕ್ಕ ಗುಂಪು.

ಈಗ ಮೀಥೈಲ್ ವಿಷಯಕ್ಕೆ ಬರೋಣ. ಎನ್‌ಎಡಿ ಖರ್ಚಾದಾಗ ಬಿ3ಯ ಇನ್ನೊಂದು ರೂಪವಾದ ನಿಕೋಟಿನಮೈಡ್ ಉಳಿಯುತ್ತದೆ. ದೇಹ ಅದನ್ನು ಮತ್ತೆ ಬಳಸಿಕೊಳ್ಳುತ್ತದೆ. ಜಾಸ್ತಿಯಾದದ್ದನ್ನು ಹೊರಗೆ ಹಾಕಬೇಕಲ್ಲ? ಅದಕ್ಕೆ ಒಂದೊಂದು ಅಣುವಿಗೂ ಒಂದೊಂದು ಮೀಥೈಲ್ ಅಂಟಿಸಬೇಕು, ಆಗ ಅದು ಮೂತ್ರದಲ್ಲಿ ಹೋಗುತ್ತದೆ. ಈ ಕೆಲಸ ಹೆಚ್ಚಾಗಿ ಆಗುವುದು ಲಿವರಿನಲ್ಲಿ. ಮೀಥೈಲ್ ಕೊಡುವುದು ಎಸ್‌ಎಎಂ ಅನ್ನುವ ಅಣು. ಕೊಟ್ಟ ಮೇಲೆ ಕೊನೆಗೆ ಉಳಿಯುವುದು ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲ. ರಕ್ತದಲ್ಲಿ ಇದು ಏರಿದರೆ ಈ ಚಕ್ರ ಎಡವಿದೆ ಅಂತ ಸೂಚನೆ. ಅದನ್ನು ಮತ್ತೆ ಮೆಥಿಯೋನಿನ್ (ಎಸ್‌ಎಎಂ ಹುಟ್ಟುವುದು ಇದರಿಂದಲೇ) ಮಾಡಲು ಎರಡು ದಾರಿಗಳಿವೆ. ಒಂದರಲ್ಲಿ ಫೋಲೇಟ್ (ಮಾತ್ರೆಯಲ್ಲಿ ಇದೇ ಫೋಲಿಕ್ ಆಸಿಡ್) ಮತ್ತು ಬಿ12 ಬೇಕು. ಇನ್ನೊಂದರಲ್ಲಿ ಬೀಟೈನ್ ಬೇಕು. ಡಬ್ಬಿಯ ಮೇಲೆ ಟಿಎಂಜಿ ಅಂತ ಬರೆದಿರುವುದು ಈ ಬೀಟೈನನ್ನೇ. ಪಾಲಕ್ ಸೊಪ್ಪು, ಬೀಟ್‌ರೂಟ್, ಗೋಧಿ ತೌಡಿನಲ್ಲಿ ಇದು ಸಹಜವಾಗಿಯೇ ಇದೆ.

ಮೀಥೈಲ್ ಖಾಲಿಯಾಗುತ್ತದೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. 1942ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹ್ಯಾಂಡ್ಲರ್ ಮತ್ತು ಡ್ಯಾನ್ ಇಲಿಗಳಿಗೆ ಆಹಾರದಲ್ಲಿ ತುಂಬಾ ನಿಕೋಟಿನಮೈಡ್ ಬೆರೆಸಿ ಕೊಟ್ಟರು. ಇಲಿಗಳು ಬೆಳೆಯಲಿಲ್ಲ, ಲಿವರಿನಲ್ಲಿ ಕೊಬ್ಬು ತುಂಬಿತು. ಮೆಥಿಯೋನಿನ್ ಸೇರಿಸಿ ಕೊಟ್ಟಾಗ ಸರಿಹೋದವು. ಟಿಎಂಜಿ ಸಲಹೆಯ ಬೇರು ಇರುವುದು ಇಂಥ ಕಡೆ.

ಆದರೆ ಆ ಇಲಿಗಳಿಗೆ ಕೊಟ್ಟ ಪ್ರಮಾಣ ಎಲ್ಲಿ, ನಮ್ಮ ಕ್ಯಾಪ್ಸೂಲ್ ಎಲ್ಲಿ! ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಎನ್‌ಎಮ್‌ಎನ್‌ನ ಅಣುತೂಕ 334, ಟಿಎಂಜಿಯದ್ದು 117. ಅಂದರೆ 1 ಗ್ರಾಂ ಎನ್‌ಎಮ್‌ಎನ್‌ನಲ್ಲಿ ಎಷ್ಟು ಅಣುಗಳಿವೆಯೋ, ಸುಮಾರು 350 ಮಿಲಿಗ್ರಾಂ ಟಿಎಂಜಿಯಲ್ಲೂ ಅಷ್ಟೇ ಇವೆ. ನುಂಗಿದ ಎನ್‌ಎಮ್‌ಎನ್ ಪೂರ್ತಿ ಮೀಥೈಲ್ ಅಂಟಿಸಿಕೊಂಡೇ ಹೊರಗೆ ಹೋಯಿತು ಅಂತ ಇಟ್ಟುಕೊಂಡರೂ ಅಷ್ಟು ಟಿಎಂಜಿ ಸಾಕು. ಗ್ರಾಮಿಗೆ ಗ್ರಾಂ ಸಮ ಹಾಕಿಕೊಳ್ಳುವವರು ಬೇಕಾದದ್ದರ ಸುಮಾರು ಮೂರು ಪಟ್ಟು ಸುಮ್ನೆ ನುಂಗುತ್ತಿದ್ದಾರೆ.

ಮನುಷ್ಯರಲ್ಲಿ ಏನಾಯಿತು? ಎನ್‌ಆರ್ ಅನ್ನು ದಿನಕ್ಕೆ 1 ಗ್ರಾಂವರೆಗೆ 8 ವಾರ ಕೊಟ್ಟ ಪ್ರಯೋಗದಲ್ಲಿ ಹೋಮೋಸಿಸ್ಟೀನ್ ಏರಲಿಲ್ಲ. ನಾರ್ವೆಯಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ದಿನಕ್ಕೆ 3 ಗ್ರಾಂ ಕೊಟ್ಟು 30 ದಿನ ನೋಡಿದರು. ಅಲ್ಲಿ ಹೋಮೋಸಿಸ್ಟೀನ್ ಸ್ವಲ್ಪ ಏರಿತು. ಆದರೂ ಮೀಥೈಲ್ ದಾಸ್ತಾನು ಬರಿದಾಗಲಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನ ಅದು. ಆರೋಗ್ಯವಾಗಿದ್ದು, ಚೆನ್ನಾಗಿ ಊಟ ಮಾಡುವವರು ದಿನಕ್ಕೆ 250 ಮಿಲಿಗ್ರಾಂ ಎನ್‌ಎಮ್‌ಎನ್ ತೆಗೆದುಕೊಂಡರೆ ಟಿಎಂಜಿ ಬೇಕಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಟಿಎಂಜಿಯಿಂದ ಆಗದ ಕೆಲಸವನ್ನೂ ಹೇಳಬೇಕು. 2024ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಡಾ. ಸ್ಟ್ಯಾನ್ಲಿ ಹೇಜನ್ ತಂಡ ಒಂದು ಎಚ್ಚರಿಕೆಯ ಫಲಿತಾಂಶ ಪ್ರಕಟಿಸಿತು. ಹೆಚ್ಚಾದ ಬಿ3 ಒಡೆದು ಉಳಿಯುವ 2ಪಿವೈ, 4ಪಿವೈ ಅನ್ನುವ ವಸ್ತುಗಳು ರಕ್ತದಲ್ಲಿ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದವು. ಮಾತ್ರೆ ನುಂಗಿದ್ದರಿಂದಲೇ ಹೀಗಾಯಿತು ಅಂತ ಇದರಿಂದ ಹೇಳಲಾಗದು. ಆದರೆ ಈ ವಸ್ತುಗಳು ಹುಟ್ಟುವುದೇ ಮೀಥೈಲ್ ಅಂಟಿದ ನಿಕೋಟಿನಮೈಡಿನಿಂದ. ಅಲ್ಲಿ ಮೀಥೈಲ್ ತುಂಬಿಸಿ ಏನು ಉಪಯೋಗ? ಅಲ್ಲಿಗೆ ಔಷಧ ಒಂದೇ, ಎನ್‌ಎಮ್‌ಎನ್ ಪ್ರಮಾಣ ಇಳಿಸುವುದು. ನಯಾಸಿನ್ ನುಂಗಿದಾಗ ಮುಖ ಕೆಂಪಾಗಿ ಉರಿಯುವುದಕ್ಕೂ ಟಿಎಂಜಿ ಮದ್ದಲ್ಲ. ಆ ಉರಿಗೆ ಕಾರಣ ರಕ್ತನಾಳ ಹಿಗ್ಗಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು.

ಇನ್ನು ನಮ್ಮವರ ವಿಷಯ. ಪುಣೆಯಲ್ಲಿ ಡಾ. ಯಾಜ್ಞಿಕ್ ತಂಡ ನಡುವಯಸ್ಸಿನ ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ವರದಿ ಕೊಟ್ಟಿತು. ಹೆಚ್ಚುಕಮ್ಮಿ ಮೂವರಲ್ಲಿ ಇಬ್ಬರಿಗೆ ಬಿ12 ಕಡಿಮೆ ಇತ್ತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಹೋಮೋಸಿಸ್ಟೀನ್ ಜಾಸ್ತಿ ಇತ್ತು. ಅವರು ಯಾರೂ ವಯಸ್ಸು ತಡೆಯುವ ಮಾತ್ರೆ ನುಂಗಿದವರಲ್ಲ! ಗಿಡಮೂಲದ ಆಹಾರದಲ್ಲಿ ಬಿ12 ಇಲ್ಲ. ಹಾಲು ಮೊಸರಿನಿಂದ ಸ್ವಲ್ಪ ಸಿಗುತ್ತದೆ, ಎಷ್ಟೋ ಜನಕ್ಕೆ ಅದು ಸಾಲದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಗೆ ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಇಳಿಯುತ್ತದೆ.

ಇಂಥವರು ಟಿಎಂಜಿ ಶುರುಮಾಡಿದರೆ ಏನಾಗಬಹುದು ನೋಡಿ. ಬೀಟೈನಿನ ದಾರಿ ಇರುವುದು ಮುಖ್ಯವಾಗಿ ಲಿವರ್ ಮತ್ತು ಕಿಡ್ನಿಯಲ್ಲಿ. ಮಿದುಳು, ನರಗಳಿಗೆ ಇರುವುದು ಬಿ12 ಮತ್ತು ಫೋಲೇಟಿನ ದಾರಿ ಮಾತ್ರ. ಟಿಎಂಜಿ ತೆಗೆದುಕೊಂಡರೆ ರಿಪೋರ್ಟಿನಲ್ಲಿ ಹೋಮೋಸಿಸ್ಟೀನ್ ಇಳಿದು ಕಾಣಬಹುದು. ಕಾಲಿನ ಜೋಮು, ನಡೆಯುವಾಗ ವಾಲುವುದು, ಮರೆವು ಹಾಗೇ ಮುಂದುವರಿಯಬಹುದು. ಬರೀ ಫೋಲಿಕ್ ಆಸಿಡ್ ನುಂಗಿದರೂ ಇದೇ ಅಪಾಯ. ರಕ್ತಹೀನತೆ ಸರಿಯಾದ ಹಾಗೆ ಕಾಣುತ್ತದೆ, ನರ ಕೆಡುತ್ತಾ ಹೋಗುತ್ತದೆ. ನರ ಒಮ್ಮೆ ಹೆಚ್ಚು ಕೆಟ್ಟರೆ ಪೂರ್ತಿ ಸರಿಯಾಗುವುದಿಲ್ಲ. ಬಿ12 ಮಾತ್ರೆ ಅಗ್ಗ, ಇಂಜೆಕ್ಷನ್ನೂ ಅಗ್ಗ. ದುಬಾರಿ ಡಬ್ಬಿ ಕೊಳ್ಳುವವರು ಇದನ್ನು ಬಿಟ್ಟುಬಿಡುವುದನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಟಿಎಂಜಿ ವಿಷವಲ್ಲ. ಹೋಮೋಸಿಸ್ಟಿನೂರಿಯಾ ಅನ್ನುವ ಹುಟ್ಟು ಕಾಯಿಲೆಗೆ ದಿನಕ್ಕೆ 6 ಗ್ರಾಂ ಕೊಡುತ್ತಾರೆ. ಆದರೆ ಅಷ್ಟು ಪ್ರಮಾಣದಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಏರಿದ್ದು ಪ್ರಯೋಗಗಳಲ್ಲಿ ಕಂಡಿದೆ. ಪಾರ್ಕಿನ್ಸನ್ನಿಗೆ ಲೆವೊಡೋಪಾ ತೆಗೆದುಕೊಳ್ಳುವವರಿಗೆ ಆ ಔಷಧದಿಂದಲೇ ಹೋಮೋಸಿಸ್ಟೀನ್ ಏರುತ್ತದೆ. ಅವರು ಡಾಕ್ಟರನ್ನು ಕೇಳದೆ ಎನ್‌ಎಮ್‌ಎನ್, ಟಿಎಂಜಿ ಎರಡೂ ಡಬ್ಬಿ ಮುಟ್ಟಬಾರದು.

ಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. ಹೋಮೋಸಿಸ್ಟೀನಿಗೆ ರಕ್ತ ತೆಗೆದ ಮೇಲೆ ಸ್ಯಾಂಪಲ್ಲನ್ನು ಐಸಿನಲ್ಲಿಡಬೇಕು, ಇಲ್ಲವೇ ಬೇಗ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಸುಮ್ನೆ ಬಿಟ್ಟರೆ ಕೆಂಪು ರಕ್ತಕಣಗಳಿಂದ ಹೋಮೋಸಿಸ್ಟೀನ್ ಹೊರಬಂದು ಸುಳ್ಳು ಏರಿಕೆ ತೋರಿಸುತ್ತದೆ. ಲ್ಯಾಬಿನವರನ್ನು ಕೇಳಿ, ಸಂಕೋಚ ಬೇಡ. ಬಿ12, ಹೋಮೋಸಿಸ್ಟೀನ್, ಕೊಲೆಸ್ಟ್ರಾಲ್ ಮೂರನ್ನೂ ಯಾವ ಡಬ್ಬಿಯನ್ನೂ ತೆರೆಯುವ ಮೊದಲೇ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ಎರಡು ಮೂರು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಹೇಳಿದರೆ ಉತ್ತರ ಕೊಡಲು ಅನುಕೂಲ.