ಲೇಲ್ಯಾಂಡ್ ಆಸ್ಟ್ರೇಲಿಯಾದ ಕೊನೆಯ ಸ್ಪೋರ್ಟ್ಸ್ ಕಾರು

ಕೇಳುಗರೇ, ನಮಸ್ಕಾರ. ಲೇಲ್ಯಾಂಡ್ ಅಂದರೆ ನಮ್ಮ ಕಣ್ಣ ಮುಂದೆ ಬರೋದು ಬಸ್ಸು, ಲಾರಿ. ಆ ಹೆಸರಿನ ಮೂಲದ ಬ್ರಿಟಿಷ್ ಕಂಪನಿಗೆ ಸಿಡ್ನಿಯ ಝೆಟ್‌ಲ್ಯಾಂಡ್‌ನಲ್ಲೂ ಒಂದು ಕಾರ್ಖಾನೆ ಇತ್ತು. ಅಲ್ಲಿ ತಯಾರಾದ ಕೊನೆಯ ಸ್ಪೋರ್ಟ್ಸ್ ಕಾರು ಫೋರ್ಸ್ 7ವಿ. ಪಕ್ಕದಲ್ಲಿ ಎರಡು ಬಾಗಿಲು, ಹಿಂದೆ ಮೇಲಕ್ಕೆತ್ತುವ ಮೂರನೆಯದು.

ಇದರ ಅಣ್ಣ ಪಿ76 ಸೆಡಾನ್ ಮಾರುಕಟ್ಟೆಗೆ ಬಂದದ್ದು 1973ರಲ್ಲಿ. ಅದೇ ವರ್ಷ ತೈಲದ ಬಿಕ್ಕಟ್ಟು ಬಡಿಯಿತು. ಇಂಗ್ಲೆಂಡಿನ ಮಾತೃಸಂಸ್ಥೆಯೇ ಸರ್ಕಾರದ ಮುಂದೆ ಕೈಚಾಚುವ ಸ್ಥಿತಿಗೆ ಬಂತು. 1974ರಲ್ಲಿ ಝೆಟ್‌ಲ್ಯಾಂಡ್‌ಗೆ ಬೀಗ ಬಿತ್ತು. ಫೋರ್ಸ್ 7ವಿ ಆಗಿನ್ನೂ ಷೋರೂಮ್ ಕಂಡಿರಲಿಲ್ಲ! ಸುಮಾರು 60 ಕಾರು ಸಿದ್ಧವಾಗಿದ್ದವು. ಹತ್ತನ್ನು ಬಿಟ್ಟು ಉಳಿದವನ್ನೆಲ್ಲ ಜಜ್ಜಿಹಾಕಿದರು. ಹತ್ತರಲ್ಲಿ ಎಂಟು ಹರಾಜಿಗೆ ಹೋದವು. ಹೊಸ ಕಾರುಗಳನ್ನು ಗುಜರಿ ಮಾಡಿದ್ದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಅದರೊಳಗಿದ್ದದ್ದು ಅಪ್ಪಟ ಅಲ್ಯೂಮಿನಿಯಂ ವಿ8, ಅಂದರೆ ಎಂಟು ಸಿಲಿಂಡರ್ 'V' ಆಕಾರದಲ್ಲಿ ಕೂತ ಎಂಜಿನ್. ಸಿಲಿಂಡರುಗಳಿರುವ ಬ್ಲಾಕೂ ಅಲ್ಯೂಮಿನಿಯಂ, ಅದರ ಮೇಲೆ ಮುಚ್ಚುವ ಹೆಡ್ಡೂ ಅಲ್ಯೂಮಿನಿಯಂ. ಮೂಲ ಅಮೆರಿಕದ ಬ್ಯೂಯಿಕ್ ಕಂಪನಿಯ 3.5 ಲೀಟರ್ ಎಂಜಿನ್, ಅಲ್ಲಿಂದ ಬ್ರಿಟನ್ನಿನ ರೋವರ್‌ಗೆ ಬಂತು. ಆಸ್ಟ್ರೇಲಿಯಾದವರು ಬೋರ್, ಅಂದರೆ ಸಿಲಿಂಡರಿನ ಅಗಲ, 88.9 ಮಿಲಿಮೀಟರನ್ನು ಹಾಗೇ ಇಟ್ಟು, ಸ್ಟ್ರೋಕನ್ನು, ಅಂದರೆ ಪಿಸ್ಟನ್ ಓಡುವ ದೂರವನ್ನು, 71.1ರಿಂದ 88.9ಕ್ಕೆ ಏರಿಸಿ 4.4 ಲೀಟರ್ ಮಾಡಿದರು. ಅದಕ್ಕಾಗಿ ಬ್ಲಾಕನ್ನೇ ಎತ್ತರಿಸಿದರು. ಬ್ಲಾಕ್ ಎತ್ತರವಾದರೆ ಎರಡು ಹೆಡ್‌ಗಳ ನಡುವಿನ ಜಾಗವೂ ಅಗಲವಾಗುತ್ತದೆ. ಹಾಗಾಗಿ ರೋವರ್ 3.5ರ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಎರಡು ಹೆಡ್‌ಗಳಿಗೂ ಗಾಳಿ-ಪೆಟ್ರೋಲ್ ಹಂಚುವ ಕೊಳವೆ, ಇದಕ್ಕೆ ಕೂರುವುದಿಲ್ಲ, ಸುಮ್ಮನೆ ದುಡ್ಡು ಸುರಿಯಬೇಡಿ.

ನಿಮ್ಮ ಮನೆಯ ಕಾರಿಗೂ ಸಲ್ಲುವ ಮಾತು ಈಗ. ಅಲ್ಯೂಮಿನಿಯಂ ಎಂಜಿನ್ನಿಗೆ ಬರೀ ನೀರು ಬೇಡ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಲವಣ ನೀರಿನ ದಾರಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಲೋಹ ಸವೆಯುತ್ತದೆ. ಎಂಜಿನ್ ಕುದಿಯಿತೆಂದರೆ ಹೆಡ್ ಸೊಟ್ಟಗಾಗಿ, ಬ್ಲಾಕಿಗೂ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿ. ಹಳೆಯ ಎಂಜಿನ್ನಾದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಹೆಡ್ ಬೋಲ್ಟ್ ಬಿಗಿಯಬೇಡಿ. ಮತ್ತೊಮ್ಮೆ ಹೇಳುತ್ತೇನೆ, ಬರೀ ನೀರು ಬೇಡ.

ಸಮಯ ಮುಗಿಯುತ್ತಾ ಬಂತು, ಆಯಿಲ್ ಪಂಪಿನ ಮಾತೊಂದಿದೆ. ಈ ವಿ8ರ ಪಂಪ್ ಬಿಚ್ಚಿದರೆ ಗೇರುಗಳ ಸುತ್ತ ವ್ಯಾಸಲಿನ್ ತುಂಬಿಯೇ ಮುಚ್ಚಳ ಹಾಕಿ, ಗ್ರೀಸ್ ಅಲ್ಲ. ಒಣಗಿದ ಪಂಪ್ ಆಯಿಲ್ ಎಳೆಯುವುದಿಲ್ಲ, ಸ್ಟಾರ್ಟ್ ಮಾಡಿದರೆ ಬೇರಿಂಗುಗಳು ಹೋಗುತ್ತವೆ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿ, ಗೇಜಿನಲ್ಲಿ ಆಯಿಲ್ ಪ್ರೆಷರ್ ಏರಿದ ಮೇಲೆ ಪ್ಲಗ್ ಹಾಕಿ. ನಮಸ್ಕಾರ.