ಬೀಟಲ್ ಎಂಜಿನ್‌ಗೆ ಫ್ಯಾನ್ ಶ್ರೌಡ್ ಕೊಳ್ಳುವ ಮುನ್ನ ಅದನ್ನು ತಿರುಗಿಸಿ ಒಳಗೆ ನೋಡಿ

[ದೃಶ್ಯ: ಬೀಟಲ್‌ನ ಹಿಂಬದಿಯ ಮುಚ್ಚಳ ತೆರೆದಿದೆ. ಎಂಜಿನ್ ಮೇಲಿನ ಕಪ್ಪು ಶ್ರೌಡ್ ಹತ್ತಿರದಿಂದ]

ನಮಸ್ಕಾರ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ರೇಡಿಯೇಟರ್ ಇಲ್ಲ, ನೀರೂ ಇಲ್ಲ. ಜನರೇಟರ್‌ನ ಶಾಫ್ಟಿಗೆ ಜೋಡಿಸಿದ ಫ್ಯಾನ್ ಗಾಳಿ ಎಳೆಯುತ್ತದೆ. ಆ ಗಾಳಿಯನ್ನು ನಾಲ್ಕು ಸಿಲಿಂಡರ್‌ಗಳಿಗೂ ಆಯಿಲ್ ಕೂಲರ್‌ಗೂ ಹಂಚುವುದು ಈ ತಗಡಿನ ಶ್ರೌಡ್. ಹಂಚಿಕೆ ತಪ್ಪಿದರೆ ಒಂದು ಸಿಲಿಂಡರ್ ಬೇಯುತ್ತದೆ.

[ದೃಶ್ಯ: ಹಳೆಯ ಶ್ರೌಡ್ ಬಿಚ್ಚಿದೆ, ಒಳಗೆ ನೆಟ್ಟಗೆ ನಿಂತ ಆಯಿಲ್ ಕೂಲರ್]

ಬೇಯುವುದು ಯಾವುದೆಂದು ಬೀಟಲ್ ಬಲ್ಲವರಿಗೆಲ್ಲ ಗೊತ್ತು: ಮೂರನೆಯದು. ಕಾರಿನ ಹಿಂದೆ ನಿಂತು ನೋಡಿದರೆ ಎಡಬದಿಯಲ್ಲಿ, ಒಳಗಡೆ ಇರುವುದು. ಹಳೆಯ ಮಾದರಿಯಲ್ಲಿ ಆಯಿಲ್ ಕೂಲರ್ ಶ್ರೌಡ್‌ನ ಒಳಗೇ, ಈ ಸಿಲಿಂಡರ್‌ನ ನೆತ್ತಿಯ ಮೇಲೆ ನಿಂತಿರುತ್ತದೆ. ಅಲ್ಲಿಗೆ ಬರುವ ಗಾಳಿ ಮೊದಲು ಕೂಲರ್ ಅನ್ನು ದಾಟಬೇಕು. ದಾಟುವಷ್ಟರಲ್ಲಿ ಅದರ ವೇಗ ಕುಗ್ಗಿರುತ್ತದೆ, ಬಿಸಿಯೂ ಆಗಿರುತ್ತದೆ. ಇದನ್ನು ಸರಿದೂಗಿಸಲು ಎಷ್ಟೋ ಡಿಸ್ಟ್ರಿಬ್ಯೂಟರ್‌ಗಳಲ್ಲಿ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಭಾಗ) ಮೂರನೆಯ ಸಿಲಿಂಡರ್‌ನ ಕಿಡಿಯನ್ನೇ ತುಸು ತಡವಾಗಿ ಬರುವಂತೆ ಮಾಡಿದ್ದರು.

ನಿಜವಾದ ಪರಿಹಾರ ಬಂದದ್ದು 1971ರ ಮಾದರಿಯ 1600 ಸಿ.ಸಿ. ಎಂಜಿನ್ ಜೊತೆ. ಕೂಲರ್ ಅನ್ನು ಗಾಳಿಯ ದಾರಿಯಿಂದ ಆಚೆಗೆ ಸರಿಸಿ, ಅದಕ್ಕೆ ಬೇರೆಯದೇ ಗೂಡು ಕಟ್ಟಿದರು. ಫ್ಯಾನ್ ಅನ್ನೂ ಅಗಲ ಮಾಡಿದರು. ಇದೇ ಡಾಗ್‌ಹೌಸ್ ಶ್ರೌಡ್. ನಮ್ಮಂಥ ಬಿಸಿಲಿನ ನಾಡಿನಲ್ಲಿ ಬೀಟಲ್ ಓಡಿಸುವವರಿಗೆ ನಾನು ಹೇಳುವುದು ಇದೊಂದನ್ನೇ, ಅದೂ ಕಂಪನಿಯ ಮೂಲ ಭಾಗವನ್ನೇ. ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ.

[ದೃಶ್ಯ: ಕ್ರೋಮ್ ಶ್ರೌಡ್ ಮತ್ತು ಮೂಲ ಶ್ರೌಡ್ ಎರಡನ್ನೂ ಬೋರಲು ಇಟ್ಟು ಟಾರ್ಚ್ ಬೆಳಕು]

ಹೊಸ ಕ್ರೋಮ್ ಶ್ರೌಡ್ ಯಾಕೆ ಬೇಡ? ಎರಡನ್ನೂ ತಲೆಕೆಳಗು ಮಾಡಿ ನೋಡಿ. ಮೂಲದ ಒಳಗೆ ಬಾಗಿದ ತಗಡಿನ ಪಟ್ಟಿಗಳಿವೆ. ಗಾಳಿಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಸೀಳುವುದು ಅವೇ. ಅಗ್ಗದ ಎಷ್ಟೋ ಶ್ರೌಡ್‌ಗಳಲ್ಲಿ ಆ ಪಟ್ಟಿಗಳು ಅರ್ಧಂಬರ್ಧ ಇರುತ್ತವೆ, ಕೆಲವದರಲ್ಲಿ ಇರುವುದೇ ಇಲ್ಲ. ಹೊರಗಿನ ಹೊಳಪಿಗೆ ಕೊಟ್ಟ ಹಣ ಎಂಜಿನ್ ಹೆಡ್ ಉಳಿಸುವುದಿಲ್ಲ.

ಡಾಗ್‌ಹೌಸ್ ಸಿಕ್ಕಿತೆಂದರೆ ಅದರ ಪರಿವಾರವೂ ಸಿಗಬೇಕು. ಅಗಲದ ಫ್ಯಾನ್, ಕೂಲರ್ ಕೂರುವ ಬ್ರಾಕೆಟ್, ಕೂಲರ್‌ನ ಬಿಸಿಗಾಳಿಯನ್ನು ಕಾರಿನ ಅಡಿಗೆ ಕಳಿಸುವ ತಗಡು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಗ ಬಿಸಿಗಾಳಿ ಎಂಜಿನ್ ಗೂಡಿಗೇ ಸೇರಿ, ಫ್ಯಾನ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ಹರಿದಿದ್ದರೂ ಇದೇ ಗತಿ. ಕೂಲರ್ ಕೆಳಗಿನ ಸೀಲ್‌ಗಳೂ ಹೊಂದಬೇಕು: ಹಳೆಯ ಕ್ರ್ಯಾಂಕ್‌ಕೇಸಿನ (ಎಂಜಿನ್‌ನ ಮುಖ್ಯ ಕವಚದ) ಆಯಿಲ್ ದಾರಿ 8 ಮಿ.ಮೀ., ಆಮೇಲಿನದು 10 ಮಿ.ಮೀ. ಕ್ರ್ಯಾಂಕ್‌ಕೇಸಿನದು ಒಂದು ಅಳತೆ, ಕೂಲರ್‌ನದು ಇನ್ನೊಂದು ಆಗಿದ್ದರೆ ಅದಕ್ಕೆಂದೇ ಬರುವ ಬೇರೆ ಸೀಲ್ ಹಾಕಿ.

ನಮ್ಮಲ್ಲಿ ಹೀಟರ್ ಯಾರಿಗೂ ಬೇಡ. ಅದರ ಪೆಟ್ಟಿಗೆ ತೆಗೆದಿದ್ದರೆ ಶ್ರೌಡ್‌ನ ಎರಡು ಹೀಟರ್ ಬಾಯಿಗಳನ್ನು ಮುಚ್ಚಿ. ಇಲ್ಲವಾದರೆ ಸಿಲಿಂಡರ್‌ಗೆ ಸೇರಬೇಕಾದ ಗಾಳಿ ಅಲ್ಲಿಂದಲೇ ಸೋರಿಹೋಗುತ್ತದೆ.

ಥರ್ಮೋಸ್ಟಾಟ್ ಮತ್ತು ಅದು ಆಡಿಸುವ ರೆಕ್ಕೆಗಳನ್ನು ಮಾತ್ರ ಕಿತ್ತೆಸೆಯಬೇಡಿ. ಎಂಜಿನ್ ತಣ್ಣಗಿರುವಾಗ ಈ ರೆಕ್ಕೆಗಳು ಮುಚ್ಚಿಕೊಂಡು ಗಾಳಿ ತಡೆಯುತ್ತವೆ, ಬಿಸಿಯಾದಾಗ ಥರ್ಮೋಸ್ಟಾಟ್ ಹಿಗ್ಗಿ ಅವನ್ನು ತೆರೆಯುತ್ತದೆ. ಎಂಜಿನ್ ಬೇಗ ಬಿಸಿಯೇರಿದಷ್ಟೂ ಸವೆತ ಕಡಿಮೆ. ಥರ್ಮೋಸ್ಟಾಟ್‌ನ ಡಬ್ಬಿ ಸೋರಿ ಕೆಟ್ಟರೂ ಅದು ಹಿಗ್ಗಿಯೇ ನಿಲ್ಲುತ್ತದೆ, ಅಂದರೆ ರೆಕ್ಕೆಗಳು ತೆರೆದೇ ಇರುತ್ತವೆ. ಇಷ್ಟು ಎಚ್ಚರದಿಂದ ರೂಪಿಸಿದ ವ್ಯವಸ್ಥೆಯನ್ನು ಯಾಕೆ ಬಿಡಬೇಕು?

[ದೃಶ್ಯ: ಕೈಯಿಂದ ಫ್ಯಾನ್ ತಿರುಗಿಸುತ್ತಿರುವುದು]

ಹಳೆಯ ಶ್ರೌಡ್ ನಜ್ಜಿರಬಹುದು. ಜೋಡಿಸಿದ ಮೇಲೆ, ಬೆಲ್ಟ್ ಹಾಕುವ ಮೊದಲು, ಫ್ಯಾನ್ ಅನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಫ್ಯಾನ್‌ಗೂ ಅದರ ಹಿಂದಿನ ತಟ್ಟೆಗೂ ನಡುವೆ ಸುಮಾರು 2 ಮಿ.ಮೀ. ಅಂತರ ಇರಬೇಕು. ಎಲ್ಲಾದರೂ ಕೆರೆದ ಸದ್ದು ಬಂದರೆ ಬಿಚ್ಚಿ, ಫ್ಯಾನ್ ಕೂರುವ ಹಬ್‌ನ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ, ಮತ್ತೆ ತಿರುಗಿಸಿ ನೋಡಿ.